ಮಗು ಮನೆಗೆ ಬಂದ ಮೇಲೆ ನಮ್ಮ ಜೊತೆ ಯಾರು? ಮೈಸೂರು, ಮಂಡ್ಯದಲ್ಲಿ ಸಾಕುವವರಿಗೆ ಒಂದೇ ಸಂಘ ಬೇಕಾ?

ವಿಜಯನಗರದ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಕೆಲವು ದತ್ತು ಕುಟುಂಬಗಳು ಆಗಾಗ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಇದನ್ನು ಸ್ವಲ್ಪ ದೊಡ್ಡದು ಮಾಡೋಣ ಅನ್ನುವ ಯೋಚನೆ ಇದೆ. ಮಂಡ್ಯದವರನ್ನೂ ಸೇರಿಸಿಕೊಳ್ಳಬೇಕು. ದತ್ತು ಪಡೆದವರು, ಫಾಸ್ಟರ್ ಕೇರ್‌ನಲ್ಲಿ (ದತ್ತು ಅಲ್ಲ, ಸ್ವಲ್ಪ ಕಾಲಕ್ಕೆ ಅಂತ) ಮಗು ಸಾಕುತ್ತಿರುವವರು, ತಂಗಿಯ ಮಕ್ಕಳನ್ನೋ ಮೊಮ್ಮಕ್ಕಳನ್ನೋ ನೋಡಿಕೊಳ್ಳುತ್ತಿರುವವರು, ಎಲ್ಲರಿಗೂ ಒಂದೇ ಸಂಘ. ಕಷ್ಟಸುಖ ಮಾತಾಡುವುದಕ್ಕೆ ಒಂದು ಜಾಗ ಆಗುತ್ತದೆ. ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ನಮ್ಮ ಪರ ಮಾತಾಡುವವರೂ ಸಿಗುತ್ತಾರೆ.

ಯಾಕೆ ಬೇಕು ಅಂತ ಹೇಳುತ್ತೇನೆ. ನಮ್ಮ ಮಗಳು ಬಂದಾಗ ಅವಳಿಗೆ ಆರು ವರ್ಷ. ಊಟ ಮುಗಿದ ತಕ್ಷಣ ತಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಮುಂದೆ ಯಾರೂ ಇಲ್ಲ, ಆದರೂ ಸರದಿ ಕಾಯುತ್ತಿದ್ದಳು. ನೀರು ಕುಡಿಯಲಾ, ಬಾತ್‌ರೂಮಿಗೆ ಹೋಗಲಾ, ಫ್ಯಾನ್ ಹಾಕಲಾ, ಎಲ್ಲಕ್ಕೂ ಅಪ್ಪಣೆ ಬೇಕು. ನೋಡಿದವರೆಲ್ಲ ಎಷ್ಟು ಶಿಸ್ತಿನ ಮಗು ಅಂದರು. ಸ್ವಲ್ಪ ದಿನ ಕಳೆದ ಮೇಲೆ ಆ ಶಿಸ್ತು ಹೋಗಿ ಕಿರುಚಾಟ ಶುರುವಾಯಿತು. ಕೈ ಕಚ್ಚುತ್ತಿದ್ದಳು. ‘ನನ್ನನ್ನ ಯಾವಾಗ ವಾಪಸ್ ಬಿಡ್ತೀಯ?’ ಅಂತ ರಾತ್ರಿ ಹೊತ್ತು ಕೇಳುತ್ತಿದ್ದಳು. ಇದು ಸಹಜ, ದೊಡ್ಡ ಮಕ್ಕಳು ಹೊಸ ಮನೆಯನ್ನು ಹೀಗೆ ಪರೀಕ್ಷೆ ಮಾಡುತ್ತಾರೆ ಅಂತ ನಮಗೆ ತಿಳಿಸಿದ್ದು ನಮ್ಮ ಹಾಗೆಯೇ ಸಾಕಿದ ಇನ್ನೊಬ್ಬ ತಾಯಿ. ಬೇರೆ ಯಾರೂ ಹೇಳಿರಲಿಲ್ಲ.

ದತ್ತು ಆಗುವ ತನಕ ಎಲ್ಲದಕ್ಕೂ ವ್ಯವಸ್ಥೆ ಇದೆ. ಕೇಂದ್ರದ ದತ್ತು ವೆಬ್‌ಸೈಟ್ ಆದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಣಿ, ಮನೆ ನೋಡಿ ವರದಿ, ಆಮೇಲೆ ಕಾಯುವುದು. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅದಾದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಬಂದವರು ಒಳ್ಳೆಯವರೇ. ಆದರೆ ಅವರು ವರದಿ ಬರೆಯಲು ಬಂದಿರುತ್ತಾರೆ. ವರದಿ ಬರೆಯುವವರ ಮುಂದೆ ‘ನನಗೆ ಆಗುತ್ತಿಲ್ಲ, ಸಹಾಯ ಮಾಡಿ’ ಅಂತ ಯಾವ ತಾಯಿ ಹೇಳುತ್ತಾಳೆ? ಪರೀಕ್ಷೆ ಮಾಡುವವರು ಬೇರೆ, ಜೊತೆಗೆ ಇರುವವರು ಬೇರೆ ಆಗಬೇಕು. ನನಗೆ ಸಂಘ ಬೇಕಿರುವುದು ಇದಕ್ಕೆ. ನಿಮ್ಮ ಅಭಿಪ್ರಾಯ ಹೇಳಿ.

ಕುವೆಂಪುನಗರದ ಅಪ್ಪ

ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನನಗೆ ಇದು ಸರಿ ಕಾಣುತ್ತಿಲ್ಲ. ನಮ್ಮ ಮಗ ಏಳು ತಿಂಗಳ ಕೂಸಾಗಿದ್ದಾಗ ಬಂದ. ದತ್ತು ಆದೇಶ ಆದ ದಿನದಿಂದ ಅವನು ಕಾನೂನಿನಲ್ಲೂ ನಮ್ಮ ಮಗನೇ, ಹೆತ್ತ ಮಗನಿಗೆ ಇರುವ ಹಕ್ಕೆಲ್ಲ ಅವನಿಗೂ ಇದೆ. ಹಾಗಿರುವಾಗ ‘ದತ್ತು ಪಾಲಕರ ಸಂಘ’ ಅಂತ ಬೋರ್ಡ್ ಹಾಕಿಕೊಂಡು ಜೀವನ ಪೂರ್ತಿ ಯಾಕೆ ಓಡಾಡಬೇಕು? ಮಗುವಿಗೆ ನಾವೇ ಹೇಳಿದ್ದೇವೆ, ಇನ್ನೂ ಹೇಳುತ್ತೇವೆ. ಊರಿಗೆಲ್ಲ ಗೊತ್ತಾಗುವುದು ಬೇಡ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ ಹೇಳುವುದು ಸುಮ್ನೆ ಅಲ್ಲ.

ಇನ್ನೊಂದು ವಿಷಯ. ಫಾಸ್ಟರ್ ಕೇರ್ ಮಗು ನಾಳೆ ತನ್ನ ಹೆತ್ತವರ ಹತ್ತಿರ ಹೋಗಬಹುದು. ತಂಗಿಯ ಮಕ್ಕಳನ್ನು ಸಾಕುವವರಿಗೆ ಬೇಕಿರುವುದು ಹಣಕಾಸಿನ ಸಹಾಯ. ನಮಗೆ ಅದು ಬೇಡ. ಮೂರೂ ಒಂದೇ ಸಂಘಕ್ಕೆ ಹಾಕಿದರೆ ಯಾರ ಮಾತೂ ಗಟ್ಟಿಯಾಗಿ ಕೇಳಿಸುವುದಿಲ್ಲ.

ಪಾಂಡವಪುರದ ಸೋದರಮಾವ

ಸಾರ್, ಹಣ ಅಷ್ಟೇ ಬೇಕಿರೋದು ಅಂದರೆ ಹೇಗೆ? ನನ್ನ ತಂಗಿ ಕಿಡ್ನಿ ಕಾಯಿಲೆಯಲ್ಲಿ ತೀರಿಕೊಂಡಳು. ಇಬ್ಬರು ಮಕ್ಕಳು, ದೊಡ್ಡವಳು ಎಂಟನೇ ಕ್ಲಾಸು, ಚಿಕ್ಕವನು ನಾಲ್ಕನೇ ಕ್ಲಾಸು. ಅವರಪ್ಪ ಬೆಂಗಳೂರಿಗೆ ಹೋಗುತ್ತೇನೆ ಅಂತ ಹೋದವನು ಫೋನೂ ಇಲ್ಲ, ಸುದ್ದಿಯೂ ಇಲ್ಲ. ಮಕ್ಕಳು ನಮ್ಮ ಮನೆಯಲ್ಲಿದ್ದಾರೆ. ನಮ್ಮವ್ವ, ನನ್ನ ಹೆಂಡತಿ ನೋಡಿಕೊಳ್ಳುತ್ತಾರೆ.

ವಿಜಯನಗರದ ಮೇಡಂ, ನಿಮ್ಮ ಮನೆಗೆ ಆರು ತಿಂಗಳಿಗೊಬ್ಬರು ಬಂದು ನೋಡುತ್ತಾರೆ ಅನ್ನೋದು ನಿಮಗೆ ತೊಂದರೆ. ನಮ್ಮ ಮನೆಗೆ ಇವತ್ತಿನ ತನಕ ಒಬ್ಬರೂ ಬಂದಿಲ್ಲ. ಒಂದು ವರದಿ ಆದರೂ ಬರೆದುಕೊಂಡು ಹೋಗಲಿ ಅನ್ನಿಸುತ್ತೆ. ಸ್ಕಾಲರ್‌ಶಿಪ್ಪಿಗೆ ಮಗಳ ಹೆಸರಲ್ಲಿ ಖಾತೆ ತೆಗೆಸೋಣ ಅಂತ ಒಂದು ಬ್ಯಾಂಕಿಗೆ ಹೋದೆ. ‘ನೀವು ಯಾರು?’ ಅಂದರು. ಮಾವ ಅಂದೆ. ‘ತಂದೆ ಕರೆದುಕೊಂಡು ಬನ್ನಿ’ ಅಂದರು. ಇಲ್ಲ ಅಂದೆ. ‘ಹಾಗಾದರೆ ಮರಣ ಪ್ರಮಾಣಪತ್ರ ತನ್ನಿ’ ಅಂದರು. ಬದುಕಿರೋನಿಗೆ ಮರಣ ಪತ್ರ ಎಲ್ಲಿಂದ ತರಲಿ? ‘ಹಾಗಾದರೆ ಕೋರ್ಟಿನಿಂದ ಗಾರ್ಡಿಯನ್ ಅಂತ ಬರೆಸಿಕೊಂಡು ಬನ್ನಿ’ ಅಂದರು. ಅಷ್ಟೂ ಹೊತ್ತು ಹುಡುಗಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹೊರಗೆ ಬಂದ ಮೇಲೆ ‘ಮಾವ, ನಾನು ಓದೋದು ಬಿಟ್ಟುಬಿಡಲಾ’ ಅಂದಳು.

ಕೊರೊನಾದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ಬಾಲ ಸೇವಾ ಯೋಜನೆ ಅಂತ ತಿಂಗಳಿಗೆ 3,500 ರೂಪಾಯಿ ಕೊಟ್ಟಿತು. ಕೇಂದ್ರದ್ದು ಪಿಎಂ ಕೇರ್ಸ್‌ನಿಂದ 10 ಲಕ್ಷ. ಸಿಕ್ಕಲಿ, ಆ ಮಕ್ಕಳಿಗೆ ಇನ್ನೂ ಜಾಸ್ತಿ ಸಿಕ್ಕಲಿ. ಆದರೆ ಕಿಡ್ನಿ ಕಾಯಿಲೆಯಲ್ಲಿ ತಾಯಿ ಹೋದ ಮಗುವಿಗೆ ಹಸಿವು ಬೇರೆನಾ?

ಅಂಗನವಾಡಿ ಮೇಲ್ವಿಚಾರಕಿ, ನಿವೃತ್ತಿ, ಮಂಡ್ಯ

ಪಾಂಡವಪುರದ ತಮ್ಮಾ, ನಿನಗೆ ಒಂದು ದಾರಿ ಇದೆ, ಯಾರೂ ಹೇಳಿಲ್ಲ ಅಷ್ಟೇ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಯೋಜನೆ ಅಂತ ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳು, ದೊಡ್ಡ ಕಾಯಿಲೆ ಬಿದ್ದವರ ಮಕ್ಕಳು, ಅನಾಥರಾಗಿ ನೆಂಟರ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು, ಇವರೆಲ್ಲ ಇದರಲ್ಲಿ ಬರುತ್ತಾರೆ. ಅರ್ಜಿ ಹಾಕುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಆಮೇಲೆ ಅನುಮೋದನಾ ಸಮಿತಿ ನೋಡುತ್ತದೆ.

ತೊಂದರೆ ಇರುವುದು ಆದಾಯ ಮಿತಿಯಲ್ಲಿ. ಹಳ್ಳಿಯಲ್ಲಿ ಕುಟುಂಬದ ಆದಾಯ ವರ್ಷಕ್ಕೆ 72,000 ದಾಟಬಾರದು, ಪಟ್ಟಣದಲ್ಲಿ 96,000. ಅಂದರೆ ಹಳ್ಳಿಯಲ್ಲಿ ತಿಂಗಳಿಗೆ 6,000. ಕಬ್ಬು ಕಡಿಯೋಕೆ ಹೋಗುವ ಗಂಡ ಹೆಂಡತಿ ಇಬ್ಬರ ಕೂಲಿ ಸೇರಿಸಿದರೂ ಅದನ್ನು ದಾಟಿಬಿಡುತ್ತದೆ. ಸಂಘ ಮಾಡುವುದಾದರೆ ಮೊದಲು ಕೇಳಬೇಕಾದ್ದು ಇದನ್ನೇ: ನೆಂಟರ ಮಕ್ಕಳನ್ನು ಸಾಕುವವರ ವಿಷಯದಲ್ಲಿ ಸಾಕುವವರ ಆದಾಯ ನೋಡಬೇಡಿ, ಮಗುವಿಗೆ ಯಾರಿದ್ದಾರೆ ಅಂತ ನೋಡಿ.

ನಾನು ಸರ್ವೀಸಿನಲ್ಲಿ ಮಳವಳ್ಳಿ, ನಾಗಮಂಗಲ ಕಡೆ ಹಳ್ಳಿಗಳಲ್ಲಿ ಓಡಾಡಿದ್ದೇನೆ. ಅಂಗನವಾಡಿಗೆ ಮಗುವನ್ನು ಬಿಡಲು ಬರುವ ಅಜ್ಜಿಯರು ಎಷ್ಟು ಜನ! ಕೆಲವು ಕಡೆ ಮಗಳು ಸತ್ತಿದ್ದಾಳೆ, ಕೆಲವು ಕಡೆ ಮಗ ಸಾಲಕ್ಕೆ ಹೆದರಿ ಪ್ರಾಣ ಕಳೆದುಕೊಂಡು ಸೊಸೆ ತವರಿಗೆ ಹೋಗಿದ್ದಾಳೆ. ‘ನೀವೂ ಪಾಲಕರೇ, ನಿಮಗೂ ಸಹಾಯ ಕೇಳುವ ಹಕ್ಕಿದೆ’ ಅಂದರೆ ಅವರು ನಂಬುವುದಿಲ್ಲ. ‘ನಮ್ಮ ಮೊಮ್ಮಗು ಅಲ್ವಾ, ಅದಕ್ಕೇನು ಸಹಾಯ’ ಅನ್ನುತ್ತಾರೆ. ಅವರನ್ನು ಹೊರಗಿಟ್ಟು ಸಂಘ ಮಾಡುವುದಾದರೆ ನಾನು ಬರುವುದಿಲ್ಲ.

ಪಾಂಡವಪುರದ ಸೋದರಮಾವ

ಅಮ್ಮಾ, ತುಂಬಾ ಉಪಕಾರ ಆಯಿತು. ಒಂದು ಹೆದರಿಕೆ ಕೇಳಿಬಿಡುತ್ತೇನೆ. ಕಚೇರಿಗೆ ಹೋಗಿ ಅಪ್ಪ ಬಿಟ್ಟುಹೋಗಿದ್ದಾನೆ ಅಂತ ಹೇಳಿದರೆ ಮಕ್ಕಳನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಅಂತ ಊರಲ್ಲಿ ಹೇಳುತ್ತಾರೆ. ಅದಕ್ಕೇ ನಮ್ಮವ್ವ ಹೋಗೋಕೆ ಬಿಡುತ್ತಿಲ್ಲ.

ವಕೀಲೆ, ಮೈಸೂರು

ಈ ಹೆದರಿಕೆ ಎಷ್ಟೋ ಕುಟುಂಬಗಳನ್ನು ಮನೆಯಲ್ಲೇ ಕೂರಿಸಿದೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತ. ಮೊದಲ ದಾರಿ ಕುಟುಂಬ. ನೀವು ಮಕ್ಕಳ ಜೊತೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ತಾಯಿ ತೀರಿಕೊಂಡಿದ್ದಾರೆ, ತಂದೆ ಪತ್ತೆ ಇಲ್ಲ, ಮಕ್ಕಳು ನಮ್ಮ ಹತ್ತಿರ ಇದ್ದಾರೆ ಅಂತ ಬರವಣಿಗೆಯಲ್ಲಿ ಕೊಡಿ. ಸಮಿತಿ ವಿಚಾರಣೆ ಮಾಡಿಸುತ್ತದೆ, ಮನೆಗೆ ಬಂದು ನೋಡುತ್ತಾರೆ. ನೀವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ ಅಂತ ಕಂಡರೆ, ಯೋಗ್ಯ ವ್ಯಕ್ತಿ ಅಂತ ಗುರುತಿಸಿ ಮಕ್ಕಳನ್ನು ನಿಮ್ಮ ಸುಪರ್ದಿಗೆ ಕೊಡುವ ಅಧಿಕಾರ ಸಮಿತಿಗೆ ಇದೆ. ಆ ಆದೇಶದ ಪ್ರತಿ ಕೈಯಲ್ಲಿದ್ದರೆ ಶಾಲೆಯಲ್ಲೂ ಪ್ರಾಯೋಜಕತ್ವದ ಅರ್ಜಿಯಲ್ಲೂ ನೀವು ಬರೀ ಮಾವ ಆಗಿ ಉಳಿಯುವುದಿಲ್ಲ. ತಂದೆ ಕಾಣೆಯಾಗಿರುವ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನೂ ಇಟ್ಟುಕೊಳ್ಳಿ.

ಆಸ್ತಿ ವಿಷಯ, ಪೂರ್ತಿ ಪಾಲಕತ್ವ ಬೇಕು ಅಂದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಂಡ್ಯದಲ್ಲೂ ಇದೆ, ಮೈಸೂರಿನಲ್ಲೂ ಇದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆಯಲ್ಲೇ ಇದೆ. ಮಕ್ಕಳ ಹೆಸರಿನಲ್ಲೇ ಅರ್ಜಿ ಕೊಡಿ.

ಸಂಘದ ಬಗ್ಗೆ ನನ್ನ ಮಾತು ಇಷ್ಟೇ. ಕಾನೂನಿನಲ್ಲಿ ದಾರಿ ಬರೆದಿದೆ. ಆದರೆ ಆ ದಾರಿಯಲ್ಲಿ ಕೈ ಹಿಡಿದು ನಡೆಸುವವರು ಇಲ್ಲ. ಕಚೇರಿಗೆ ಒಬ್ಬನೇ ಹೋದ ಮಾವನಿಗೂ, ಕಾಗದ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದ ಮಾವನಿಗೂ ಸಿಗುವ ಉತ್ತರವೇ ಬೇರೆ. ಇದನ್ನು ನಾನು ಕಣ್ಣಾರೆ ನೋಡುತ್ತಿರುತ್ತೇನೆ.

ನಂಜನಗೂಡಿನ ಫಾಸ್ಟರ್ ಅಮ್ಮ

ನಾನು ಒಂಟಿ ಮಹಿಳೆ. ಹನ್ನೊಂದು ವರ್ಷದ ಹುಡುಗನನ್ನು ಫಾಸ್ಟರ್ ಕೇರ್‌ನಲ್ಲಿ ಸಾಕುತ್ತಿದ್ದೇನೆ. 2024ರ ಹೊಸ ಮಾರ್ಗಸೂಚಿ ಬಂದ ಮೇಲೆ 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಅವಕಾಶ ಆಗಿದೆ. ಹೆಂಗಸಾದರೆ ಗಂಡು ಮಗು, ಹೆಣ್ಣು ಮಗು ಯಾರನ್ನಾದರೂ ಸಾಕಬಹುದು, ಗಂಡಸಾದರೆ ಗಂಡು ಮಗುವನ್ನು ಮಾತ್ರ. ಎರಡು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದು, ಮೊದಲು ಅದು ಐದು ವರ್ಷ ಇತ್ತು.

ಕುವೆಂಪುನಗರದ ಸರ್ ಹೇಳಿದ್ದು ನಿಜ. ಈ ಮಗು ನಾಳೆ ಹೋಗಬಹುದು. ಹೋಗಬಹುದು ಅಂತ ಗೊತ್ತಿದ್ದೇ ಅವನ ಹೋಂವರ್ಕ್ ನೋಡುತ್ತೇನೆ, ಅವನಿಗೆ ಜ್ವರ ಬಂದಾಗ ನಿದ್ದೆಗೆಡುತ್ತೇನೆ. ಅವನ ತಾಯಿ ಬದುಕಿದ್ದಾಳೆ, ಹುಷಾರಿಲ್ಲ. ಅವಳನ್ನು ನೋಡಿಕೊಂಡು ಬಂದ ದಿನ ಹುಡುಗ ಊಟ ಮಾಡುವುದಿಲ್ಲ, ಶೂ ಬಿಚ್ಚದೆ ಮಂಚದ ಮೇಲೆ ಮಲಗಿಬಿಡುತ್ತಾನೆ. ಆಗ ನಾನು ಏನು ಮಾತಾಡಬೇಕು? ತಾಯಿಯ ಬಗ್ಗೆ ಕೇಳಲಾ, ಸುಮ್ಮನಿರಲಾ? ಅವಳು ಗುಣವಾಗಲಿ ಅಂತ ಮನಸಾರೆ ಬೇಡುತ್ತೇನೆ. ಗುಣವಾದರೆ ಇವನು ಹೋಗುತ್ತಾನೆ ಅನ್ನುವ ಸಂಕಟವೂ ಇದೆ. ಇದನ್ನು ಅಕ್ಕಪಕ್ಕದವರ ಹತ್ತಿರ ಹೇಳಿದರೆ ‘ನಿನಗ್ಯಾಕೆ ಬೇಕಿತ್ತು ಈ ಉಸಾಬರಿ’ ಅನ್ನುತ್ತಾರೆ. ನಮ್ಮಲ್ಲಿ ಫಾಸ್ಟರ್ ಕೇರ್ ಮಾಡುವವರೇ ಕಡಿಮೆ. ನಮಗೆ ಮಾತ್ರ ಬೇರೆ ಸಂಘ ಅಂದರೆ ನಾನೊಬ್ಬಳೇ ಕುರ್ಚಿ ಹಾಕಿಕೊಂಡು ಕೂರಬೇಕಾಗುತ್ತದೆ.

ಇನ್ನೊಂದು, ಉಪಯೋಗ ಆಗಬಹುದು. ಅವನಿಗೆ ಮಾತು ತೊದಲುತ್ತಿತ್ತು. ಮಾನಸಗಂಗೋತ್ರಿಯ ಆಯಿಷ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮಾತು, ಕೇಳುವಿಕೆಗೆ 1965ರಿಂದ ಇರುವ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ, ದೂರದಿಂದೆಲ್ಲ ಜನ ಬರುತ್ತಾರೆ. ನಮಗೆ ಮಾತ್ರ ಯಾರೂ ಹೇಳಿರಲಿಲ್ಲ.

ಹೆಸರು ಬೇಡ

ನಾನು ದತ್ತು ಮಗಳು. ಈಗ ಕೆಲಸದಲ್ಲಿದ್ದೇನೆ, ಮೈಸೂರಿನಲ್ಲೇ ಬೆಳೆದವಳು. ಅಪ್ಪ ಅಮ್ಮನ ಮೇಲೆ ನನಗೆ ಪ್ರಾಣ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದತ್ತು ಮಕ್ಕಳು ಏನಾದರೂ ಬೇರೆ ಹೇಳಿದರೆ ಕೃತಜ್ಞತೆ ಇಲ್ಲ ಅನ್ನುತ್ತಾರೆ.

ಇಲ್ಲಿ ಎಲ್ಲರೂ ಪಾಲಕರಿಗೆ ಏನು ಬೇಕು ಅಂತ ಮಾತಾಡುತ್ತಿದ್ದೀರಿ. ಪಾಲಕರ ಸಂಘ ಗಟ್ಟಿಯಾದರೆ ಮಕ್ಕಳ ಮಾತು ಇನ್ನೂ ಮೆತ್ತಗಾಗುತ್ತದಾ ಅನ್ನುವ ಪ್ರಶ್ನೆ ನನ್ನದು. ನನಗೆ ಹದಿನೈದು ವರ್ಷ ಆದಾಗ ನನ್ನನ್ನು ಹೆತ್ತವಳು ಎಲ್ಲಿರಬಹುದು ಅಂತ ತುಂಬಾ ಕಾಡಿತು. ಕೇಳಿದರೆ ಅಮ್ಮನಿಗೆ ನೋವಾಗುತ್ತದೆ ಅಂತ ಎಷ್ಟೋ ವರ್ಷ ಒಳಗೇ ಇಟ್ಟುಕೊಂಡೆ. ನಿಯಮದಲ್ಲಿ ಮೂಲ ಹುಡುಕುವ ಅವಕಾಶ ಇದೆ. ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು, ಚಿಕ್ಕವರಾದರೆ ಪಾಲಕರ ಜೊತೆ ಸೇರಿ. ಹೆತ್ತ ತಾಯಿಗೆ ಇಷ್ಟ ಇಲ್ಲದಿದ್ದರೆ ಅವಳ ವಿವರ ಕೊಡುವುದಿಲ್ಲ, ಅದೂ ಸರಿ. ಆದರೆ ಅಂಥ ಅವಕಾಶ ಇದೆ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ.

ಕುವೆಂಪುನಗರದ ಅಂಕಲ್, ನೀವು ಮಗನಿಗೆ ಹೇಳಿದ್ದೀರಿ ಅಂದಿರಿ, ಅದು ದೊಡ್ಡದು. ಆದರೆ ‘ಊರಿಗೆ ಗೊತ್ತಾಗುವುದು ಬೇಡ’ ಅನ್ನುವುದನ್ನು ಅವನು ಕೇಳಿಸಿಕೊಂಡರೆ ಅದರಲ್ಲಿ ಏನೋ ನಾಚಿಕೆ ಇದೆ ಅಂದುಕೊಳ್ಳುತ್ತಾನೆ. ನಾನು ಅಂದುಕೊಂಡಿದ್ದೆ. ಚಿಕ್ಕವಳಿದ್ದಾಗ ನನ್ನ ಹಾಗೆ ಇನ್ನೊಂದು ಮಗುವನ್ನು ನೋಡಿದ್ದಿದ್ದರೆ ಎಷ್ಟು ಹಗುರ ಆಗುತ್ತಿತ್ತು! ಸಂಘ ಆಗಲಿ, ಆದರೆ ಬೆಳೆದ ದತ್ತು ಮಕ್ಕಳಿಗೆ ಅದರಲ್ಲಿ ಜಾಗ ಇರಲಿ. ಸ್ಟೇಜ್ ಮೇಲೆ ಹಾಡು ಹೇಳಿಸುವುದಕ್ಕಲ್ಲ, ತೀರ್ಮಾನ ಮಾಡುವ ಕಡೆ.

ವಿಜಯನಗರದ ಅಮ್ಮ, ಮೈಸೂರು

ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ ಮಗಳೇ. ಖಂಡಿತ ಜಾಗ ಇರುತ್ತದೆ. ಕಾರ್ಯಕಾರಿ ಸಮಿತಿಯಲ್ಲೇ ಇರಬೇಕು, ಕನಿಷ್ಠ ಇಬ್ಬರು.

ಪಾಂಡವಪುರದ ಅಣ್ಣನ ಮಾತೂ ನನಗೆ ಹೊಸ ಕಡೆಯಿಂದ ಬಂತು. ನಮ್ಮ ಮೇಲೆ ಕಣ್ಣು ಜಾಸ್ತಿ, ಕೈ ಕಡಿಮೆ. ಅವರ ಕಡೆ ಕಣ್ಣೂ ಇಲ್ಲ, ಕೈಯೂ ಇಲ್ಲ. ಎರಡೂ ಒಂದೇ ವ್ಯವಸ್ಥೆಯ ತೊಂದರೆ, ಅದಕ್ಕೇ ಒಂದೇ ಸಂಘ ಅಂತ ನಾನು ಇನ್ನೂ ಹೇಳುತ್ತೇನೆ.

ಅಂಗನವಾಡಿ ಮೇಲ್ವಿಚಾರಕಿ, ನಿವೃತ್ತಿ, ಮಂಡ್ಯ

ವಿಜಯನಗರದ ತಾಯಿ, ಒಂದು ವಿಷಯದಲ್ಲಿ ನಿಮ್ಮ ಜೊತೆ ನನಗೆ ಜಗಳ ಇದೆ. ಪರೀಕ್ಷೆ ಮಾಡುವವರ ಹತ್ತಿರ ಯಾರೂ ಕಷ್ಟ ಹೇಳುವುದಿಲ್ಲ ಅಂದಿರಿ. ಮನೆಗೆ ಹೋಗಿ ನೋಡುವ ಕೆಲಸ ನಾನೂ ಮಾಡಿದವಳು. ನಾವು ತಪ್ಪು ಹುಡುಕಲು ಹೋಗುವುದಿಲ್ಲ. ಮಗುವಿನ ತೂಕ ಇಳಿದಿದ್ದರೆ, ಮೈಮೇಲೆ ಬಾಸುಂಡೆ ಇದ್ದರೆ ನೋಡುವ ಕಣ್ಣು ಯಾರದು? ಎಷ್ಟೇ ಒಳ್ಳೆಯ ಸಂಘ ಆದರೂ ಅದು ದೊಡ್ಡವರ ಸಂಘ. ‘ಪಾಪ, ಅವಳಿಗೂ ಸಾಕಾಗಿದೆ, ಎರಡು ಏಟು ಹಾಕಿದಳು’ ಅಂತ ನಮ್ಮನಮ್ಮಲ್ಲೇ ಮುಚ್ಚಿಹಾಕುವ ಅಪಾಯ ಇದೆ. ಹೆಸರು ಬೇಡ ಅಂದ ಹುಡುಗಿ ಕೇಳಿದ್ದೂ ಅದನ್ನೇ ಅಂದುಕೊಳ್ಳುತ್ತೇನೆ. ಹಾಗಾಗಿ ಸಂಘದ ಮೊದಲ ನಿಯಮ ಹೀಗಿರಲಿ: ಮಗುವಿಗೆ ಅಪಾಯ ಅಂತ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗಲೇಬೇಕು, ತಪ್ಪು ಮಾಡಿದವರು ಸಂಘದ ಅಧ್ಯಕ್ಷರಾದರೂ ಸರಿ.

ಕೌನ್ಸೆಲಿಂಗ್ ವಿಷಯದಲ್ಲಿ ಸರ್ಕಾರದ ಕಡೆ ಏನೂ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ದತ್ತುವಿಗೆ ಮೊದಲು, ದತ್ತು ನಡೆಯುವಾಗ, ದತ್ತು ಆದ ಮೇಲೆ, ಮೂರೂ ಹಂತದಲ್ಲಿ ಕೌನ್ಸೆಲಿಂಗ್ ಕೊಡಬೇಕು, ಅದಕ್ಕೆ ಕೌನ್ಸೆಲರ್‌ಗಳನ್ನು ಗೊತ್ತುಮಾಡಬೇಕು ಅಂತ ಕೇಂದ್ರದ ದತ್ತು ಪ್ರಾಧಿಕಾರ ಕಾರಾ 2025ರ ಜುಲೈನಲ್ಲಿ ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿದೆ. ಕಾಗದ ಬಂದಿದೆ. ಅದು ನಮ್ಮ ಜಿಲ್ಲೆಯಲ್ಲಿ ಯಾವ ಕೊಠಡಿಯಲ್ಲಿ, ಯಾವ ವಾರ, ಯಾರು ಕೂತು ಕೊಡುತ್ತಾರೆ ಅಂತ ಕೇಳುವವರು ಬೇಕು. ಸಂಘ ಅದನ್ನು ಕೇಳಲಿ.

ವಿಜಯನಗರದ ಅಮ್ಮ, ಮೈಸೂರು

1098ರ ನಿಯಮ ಒಪ್ಪಿದೆ ಅಮ್ಮಾ, ಎರಡು ಮಾತಿಲ್ಲ. ಆದರೆ ಜಗಳದ ಇನ್ನರ್ಧ ಬಿಡುವುದಿಲ್ಲ. ಅಪಾಯ ಬೇರೆ, ಆಯಾಸ ಬೇರೆ. ‘ಇವತ್ತು ನನಗೆ ಈ ಮಗುವಿನ ಮೇಲೆ ಪ್ರೀತಿ ಬರುತ್ತಿಲ್ಲ’ ಅಂತ ಒಬ್ಬ ತಾಯಿ ಹೇಳಿಕೊಂಡರೆ ಅದು ದೂರು ಕೊಡುವ ವಿಷಯ ಅಲ್ಲ, ಪಕ್ಕದಲ್ಲಿ ಕೂರುವ ವಿಷಯ. ದೊಡ್ಡ ಮಕ್ಕಳನ್ನು ದತ್ತು ತೆಗೆದುಕೊಂಡು ಆಮೇಲೆ ವಾಪಸ್ ಬಿಟ್ಟ ಪ್ರಕರಣಗಳು ನಮ್ಮ ದೇಶದಲ್ಲಿ ಇವೆ. ಒಂದು ಸಲ ಬಿಟ್ಟುಹೋದ ಮಗುವನ್ನು ಎರಡನೇ ಸಲ ಬಿಡುವುದು ಎಂಥ ಅನ್ಯಾಯ! ಅಂಥ ಮನೆಗಳಲ್ಲಿ ಎಷ್ಟೋ ಕಡೆ ಸರಿಯಾದ ಸಮಯಕ್ಕೆ ಒಂದು ಫೋನ್ ಕರೆ ಸಿಕ್ಕಿದ್ದರೆ ಮಗು ಉಳಿದುಕೊಳ್ಳುತ್ತಿತ್ತು ಅಂತ ನಾನು ನಂಬುತ್ತೇನೆ. ಅಂದ ಹಾಗೆ, ರಾತ್ರಿ ಹೊತ್ತು ಯಾರಿಗಾದರೂ ತೀರಾ ಕಷ್ಟ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮದ್ದೂರಿನ ಟೀಚರ್

ಶಾಲೆಯ ಕಡೆಯಿಂದ ಒಂದು ಮಾತು. ಪ್ರೈಮರಿಯಲ್ಲಿ ‘ನನ್ನ ಕುಟುಂಬ’ ಪಾಠ ಬಂದಾಗ ವಂಶವೃಕ್ಷ ಬರೆದು, ಹುಟ್ಟಿದಾಗಿನ ಫೋಟೊ ಅಂಟಿಸಿಕೊಂಡು ಬನ್ನಿ ಅನ್ನುವುದು ರೂಢಿ. ನಮ್ಮ ಕ್ಲಾಸಿನಲ್ಲಿ ಅಜ್ಜಿ ಸಾಕುತ್ತಿರುವ ಒಂದು ಹುಡುಗಿ ಆ ಹಾಳೆಯನ್ನು ಖಾಲಿ ತಂದಿದ್ದಳು. ಮೂಲೆಯಲ್ಲಿ ಅಜ್ಜಿಯ ಹಸು ಮಾತ್ರ ಬರೆದಿದ್ದಳು. ಆಮೇಲಿಂದ ನಾನು ‘ನಿನ್ನನ್ನು ಯಾರು ನೋಡಿಕೊಳ್ಳುತ್ತಾರೋ ಅವರ ಚಿತ್ರ ಬರಿ’ ಅಂತ ಹೇಳುತ್ತೇನೆ. ಇದಕ್ಕೆ ಸರ್ಕಾರಿ ಆದೇಶ ಬೇಕಿಲ್ಲ, ಆದರೆ ಟೀಚರ್‌ಗಳಿಗೆ ಯಾರಾದರೂ ಹೇಳಬೇಕು. ನಿಮ್ಮ ಸಂಘದವರು ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರುವ ಕ್ಲಸ್ಟರ್ ಸಭೆಗೆ ಬಂದು ಅರ್ಧ ಗಂಟೆ ಮಾತಾಡುವುದಾದರೆ ನಮ್ಮ ಕಡೆ ನಾನು ವ್ಯವಸ್ಥೆ ಮಾಡುತ್ತೇನೆ.

ಸಭೆ ಎಲ್ಲ ಮೈಸೂರಿನಲ್ಲೇ ಇಟ್ಟರೆ ಹಳ್ಳಿಯ ಅಜ್ಜಿಯರು ಬರುವುದಿಲ್ಲ. ಬಸ್ ಫ್ರೀ ಇದೆ ನಿಜ. ಆದರೆ ಹಸು ಕರೆಯಬೇಕು, ಡೈರಿಗೆ ಹಾಲು ಹಾಕಬೇಕು, ಮಗು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿರಬೇಕು. ತಾಲ್ಲೂಕಿಗೆ ಒಂದು ಕಡೆ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಅಷ್ಟರಲ್ಲಿ ಮುಗಿಸಿ.

ಕುವೆಂಪುನಗರದ ಅಪ್ಪ

ಎಲ್ಲವನ್ನೂ ಓದಿದೆ. ‘ಹೆಸರು ಬೇಡ’ ಅವರು ಹೇಳಿದ್ದರ ಬಗ್ಗೆ ಮನೆಯಲ್ಲಿ ಮಾತಾಡುತ್ತಿದ್ದೇವೆ. ಮಕ್ಕಳು ಮಕ್ಕಳು ಸೇರುವುದಕ್ಕೆ ನನ್ನ ವಿರೋಧ ಇಲ್ಲ, ನಮ್ಮವನನ್ನೂ ಕಳಿಸುತ್ತೇವೆ. ಆದರೆ ನನ್ನ ಮೂಲ ವಾದ ಹಾಗೇ ಇದೆ. ನೋಂದಾಯಿತ ಸಂಘ, ಸದಸ್ಯರ ಪಟ್ಟಿ, ಫೇಸ್‌ಬುಕ್‌ನಲ್ಲಿ ಫೋಟೊ, ಇದಾವುದೂ ಬೇಡ. ಯಾವ ಮಗು ಯಾರದು ಅನ್ನುವುದು ಆ ಮಗು ದೊಡ್ಡದಾಗಿ ತಾನೇ ಹೇಳಿಕೊಳ್ಳಲಿ.

ಮತ್ತೆ, ಕೆಲವು ತೊಂದರೆ ನಮ್ಮದೇ ಬೇರೆ ಇವೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ದತ್ತು ತಾಯಿಗೆ 12 ವಾರ ರಜೆ ಅಂತ ಸೇರಿಸಿದರು, ಆದರೆ ಮಗು ಮೂರು ತಿಂಗಳೊಳಗಿನದು ಆಗಿರಬೇಕು ಅಂತ ಬರೆದರು. ಬಿಟ್ಟುಹೋದ ಎರಡು ವರ್ಷದೊಳಗಿನ ಮಗು ದತ್ತುವಿಗೆ ಮುಕ್ತ ಅಂತ ಘೋಷಣೆ ಆಗಲು ಎರಡು ತಿಂಗಳವರೆಗೆ ಹಿಡಿಯಬಹುದು. ಹೆತ್ತವರೇ ಒಪ್ಪಿಸಿದ್ದರೆ ಮನಸ್ಸು ಬದಲಾಯಿಸಲು ಅವರಿಗೆ 60 ದಿನ ಇರುತ್ತದೆ. ಆಮೇಲೆ ಉಳಿದ ಕೆಲಸ. ಮೂರು ತಿಂಗಳೊಳಗೆ ಮಗು ಮನೆಗೆ ಬರುವುದು ಎಲ್ಲೋ ಅಪರೂಪ. ಆಗ ಆ ನಿಯಮ ಇದ್ದದ್ದಕ್ಕೆ ನನ್ನ ಹೆಂಡತಿ ಸಂಬಳವಿಲ್ಲದ ರಜೆ ಹಾಕಿ ಮಗನನ್ನು ನೋಡಿಕೊಂಡಳು. ಇದನ್ನು ಪಾಂಡವಪುರದ ಅಣ್ಣನ ಸಮಸ್ಯೆಯ ಪಕ್ಕದಲ್ಲಿಟ್ಟರೆ ಚಿಕ್ಕದಾಗಿ ಕಾಣುತ್ತದೆ. ಹಾಗೆ ಚಿಕ್ಕದಾಗಿ ಕಾಣುವುದು ನ್ಯಾಯವಲ್ಲ. ಅದಕ್ಕೇ ಕೂರುವುದು ಬೇರೆ ಬೇರೆ ಆಗಲಿ, ಜಿಲ್ಲಾಧಿಕಾರಿ ಹತ್ತಿರ ಹೋಗುವಾಗ ಮನವಿ ಮಾತ್ರ ಒಟ್ಟಿಗೆ ಕೊಡೋಣ ಅನ್ನುವುದು ನನ್ನ ಸಲಹೆ. ಮನವಿ ಬರೆಯುವುದು, ಕಾಗದ ಜೋಡಿಸುವುದು ನನಗೆ ಬರುತ್ತದೆ. ಆ ಕೆಲಸಕ್ಕೆ ಬರುತ್ತೇನೆ.

ನಂಜನಗೂಡಿನ ಫಾಸ್ಟರ್ ಅಮ್ಮ

ಸರ್, ಬೇರೆ ಬೇರೆ ಕೂತರೆ ನಾನು ಯಾವ ಕಡೆ ಕೂರಲಿ? ಎರಡು ವರ್ಷ ತುಂಬಿ, ಇವನು ದತ್ತುವಿಗೆ ಮುಕ್ತ ಆದರೆ ನಿಮ್ಮ ಕಡೆ ಬರುತ್ತೇನೆ. ಅವನ ತಾಯಿ ಗುಣವಾದರೆ ಯಾವ ಕಡೆಯೂ ಇರುವುದಿಲ್ಲ. ಮಗು ಹೋದ ಮೇಲೆಯೇ ನನಗೆ ಸಂಘ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು.

ಕುವೆಂಪುನಗರದ ಅಪ್ಪ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ. ಹೆಸರು, ಫೋಟೊ ಹೊರಗೆ ಹೋಗುವುದಿಲ್ಲ ಅಂತ ಬರೆದು ಕೊಡುವುದಾದರೆ ಮೊದಲ ಸಭೆಗೆ ಬಂದು ನೋಡುತ್ತೇನೆ. ಸದಸ್ಯ ಆಗುವುದು ಆಮೇಲಿನ ಮಾತು.

ವಕೀಲೆ, ಮೈಸೂರು

ಗುಟ್ಟು ಕಾಪಾಡುವ ನಿಯಮದ ಕರಡು ನಾನು ಬರೆಯುತ್ತೇನೆ. 74ನೇ ಕಲಮು, 1098ರ ಷರತ್ತು ಎರಡೂ ಅದರಲ್ಲಿರುತ್ತದೆ.

ಪಾಂಡವಪುರದ ಅಣ್ಣ, ಸಂಘ ಆಗುವ ತನಕ ನೀವು ಕಾಯುವುದು ಬೇಡ. ತಂಗಿಯ ಮರಣ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ನಿಮ್ಮ ರೇಷನ್ ಕಾರ್ಡು, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಇಷ್ಟು ಜೋಡಿಸಿಕೊಳ್ಳಿ. ಪೊಲೀಸ್ ದೂರಿನ ಪ್ರತಿ ಮರೆಯಬೇಡಿ.

ಅಂಗನವಾಡಿ ಮೇಲ್ವಿಚಾರಕಿ, ನಿವೃತ್ತಿ, ಮಂಡ್ಯ

ಕಚೇರಿಗೆ ನಾನೇ ಜೊತೆಗೆ ಬರುತ್ತೇನೆ ತಮ್ಮಾ. ನಿಮ್ಮವ್ವನನ್ನೂ ಕರೆದುಕೊಂಡು ಬಾ, ಅವರ ಹೆದರಿಕೆ ಅಲ್ಲೇ ಹೋಗಲಿ. ಹುಡುಗಿಗೆ ಶಾಲೆ ತಪ್ಪಿಸಬೇಡ, ಅವಳು ಬರಬೇಕು ಅಂದರೆ ಕಚೇರಿಯವರೇ ದಿನ ಕೊಡುತ್ತಾರೆ.

ಪಾಂಡವಪುರದ ಸೋದರಮಾವ

ಆಗಲಿ ಅಮ್ಮಾ. ಆದಾಯ ಪ್ರಮಾಣಪತ್ರ ಒಂದು ಬಾಕಿ, ನಾಳೆ ನಾಡಕಚೇರಿಗೆ ಹೋಗುತ್ತೇನೆ. ಅದು 72,000ಕ್ಕಿಂತ ಮೇಲೆ ಬಂದರೆ ಏನು ಮಾಡೋದು ಅಂತ ಕುವೆಂಪುನಗರದ ಸಾರ್ ಬರೆಯೋ ಮನವಿಯಲ್ಲಿ ಮೊದಲನೇ ಸಾಲಲ್ಲೇ ಇರಲಿ. ನಮ್ಮ ಊರಲ್ಲಿ ನನ್ನ ಹಾಗೇ ಸಾಕುತ್ತಿರೋ ಇನ್ನೂ ಮೂರು ಮನೆ ಇದೆ, ಅವರಿಗೂ ಹೇಳುತ್ತೇನೆ. ಮೊದಲ ಸಭೆ ಪಾಂಡವಪುರದಲ್ಲೇ ಇಡಿ. ಜಾಗ, ಕಾಫಿ, ತಿಂಡಿ ನಮ್ಮದು.